ತೆಂಗಿನ ಗರಿಯ ಪತಂಗ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶರಣ ಬಂಧುಗಳು ಬೇಸಿಗೆ ಬಂತೆಂದರೆ ಕೇಳುವ ಪ್ರಶ್ನೆಯೊಂದುಂಟು: ‘ಬೆಂಕಿ ತಗುಲಿದಂತೆ ತೆಂಗಿನ ಗರಿಗಳು ಒಣಗುತ್ತಿವೆ. ಹುಳುವನ್ನು ಕೊಂದರೆ ದಯಾಧರ್ಮಕ್ಕೆ ಕುಂದಲ್ಲವೇ?’ ಉತ್ತರಕ್ಕೆ ಮೊದಲು ಆ ಜೀವಿಯನ್ನೇ ನೋಡುವುದು ಲೇಸು.

ತೋಟದವರು ಕಪ್ಪುತಲೆ ಹುಳುವೆನ್ನುವುದು ಒಂದು ಪತಂಗದ ಮರಿ. ವಿಜ್ಞಾನಿಗಳು ಆ ಪತಂಗವನ್ನು ಒಪಿಸಿನಾ ಅರೆನೊಸೆಲ್ಲಾ ಎಂದು ಕರೆಯುತ್ತಾರೆ. ಅದು ಬೂದುಬಿಳುಪಿನ ಸಣ್ಣ ಜೀವಿ. ಹೆಣ್ಣಿನ ಮೀಸೆ ನೀಳವಾಗಿದ್ದು, ಮುಂದಿನ ರೆಕ್ಕೆಯಲ್ಲಿ ಮೂರು ಮಸುಕು ಚುಕ್ಕೆಗಳಿರುತ್ತವೆ. ಗಂಡಿನ ಹಿಂದಿನ ರೆಕ್ಕೆಯ ಅಂಚಿಗೆ ಕೂದಲಿನ ಜಾಲರಿ. ಅದರ ಆಯುಷ್ಯವೇ ಒಂದು ವಾರದ ಆಸುಪಾಸು. ಗರಿಯನ್ನು ತಿನ್ನುವುದು ಅದಲ್ಲ, ಅದರ ಮರಿ.

ಹೆಣ್ಣು ಹಳೆಯ ಗರಿಗಳ ಎಲೆಯ ತಳಭಾಗದಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುತ್ತದೆ. ನಾಲ್ಕೈದು ದಿನಗಳಲ್ಲಿ ಹೊರಬರುವ ಮರಿಯ ತಲೆ ಕಪ್ಪುಗಂದು, ಮೈ ಹಸಿರುಮಿಶ್ರಿತ ಕಂದು, ಅದರ ಮೇಲೆ ಉದ್ದ ಪಟ್ಟೆಗಳು. ಅದು ತನ್ನ ನೂಲಿಗೆ ಹಿಕ್ಕೆಯನ್ನು ಬೆರೆಸಿ ಸುರಂಗ ಕಟ್ಟಿಕೊಂಡು, ಒಳಗಿದ್ದುಕೊಂಡೇ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ. ಅಕ್ಕಮಹಾದೇವಿಯವರು ಉಪಮೆಯಾಗಿ ತಂದ ತೆರಣಿಯ ಹುಳುವಿಗೆ ತಾನು ನೇಯ್ದ ಮನೆಯೇ ಮೃತ್ಯು. ಇದಕ್ಕೆ ಮನೆಯೇ ಕೋಟೆ. ಸುಮಾರು 40 ದಿನ ಹುಳುವಾಗಿ, 12 ದಿನ ಕೋಶದಲ್ಲಿದ್ದು ಪತಂಗವಾಗುತ್ತದೆ. ಎರಡು ತಿಂಗಳಿಗೊಂದು ತಲೆಮಾರು! ಮಳೆ ಹಿಡಿದರೆ ಬಾಧೆ ತಗ್ಗುತ್ತದೆ, ಬಿಸಿಲಿಗೆ ಹೆಚ್ಚುತ್ತದೆ.

ಮರ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಹೊಂಬಾಳೆ ಕಡಿಮೆಯಾಗಿ, ಹರಳು ಉದುರಿ, ಬಾಧೆ ತೀವ್ರವಾದಲ್ಲಿ ಮರುವರ್ಷದ ಫಸಲು ಅರ್ಧದ ಸಮೀಪಕ್ಕೆ ಇಳಿಯುವುದುಂಟು. ಅಟ್ಟದಲ್ಲಿ ಕಾಯಿ ಒಣಗಿಸಿ ಅರಸೀಕೆರೆ, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಒಯ್ಯುವ ಮನೆಗಳಲ್ಲಿ ಮಕ್ಕಳ ಓದು, ಮಗಳ ಮದುವೆ ಎಲ್ಲವೂ ಆ ಅಟ್ಟವನ್ನೇ ನಂಬಿವೆ. ಆದುದರಿಂದ ಬೆಳೆಯನ್ನು ಕಾಯುವುದು ಕಾಯಕವೇ. ಅದರಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ಕಂಡಕಂಡಲ್ಲಿ ವಿಷ ಸಿಂಪಡಿಸುವುದರ ಬಗ್ಗೆ.

ಏಕೆಂದರೆ ಅದೇ ಗರಿಯಲ್ಲಿ ಇನ್ನೊಂದು ಜೀವಿಯುಂಟು. ಗೋನಿಯೋಜಸ್ ಎಂಬ, ಇರುವೆಯಂತೆ ತೋರುವ ಕಪ್ಪು ಕಣಜ. ಅದು ಸುರಂಗವನ್ನು ಹೊಕ್ಕು, ಹುಳುವನ್ನು ಚುಚ್ಚಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಅಲ್ಲಿಗೇ ಬಿಟ್ಟು ಹೋಗುವುದಿಲ್ಲ. ಮರಿಗಳು ಹುಳುವನ್ನು ಉಂಡು ಬೆಳೆಯುವವರೆಗೆ ತಾಯಿ ಕಾವಲಿರುತ್ತದೆ. ಕೀಟಗಳಲ್ಲಿ ಇಂತಹ ತಾಯ್ತನ ಅಪರೂಪ. ಸಿಂಪಡಿಸಿದ ವಿಷ ಈ ತಾಯಿಯನ್ನೂ ಬಿಡದು.

ಈ ಕಣಜವನ್ನು ಪ್ರಯೋಗಾಲಯಗಳಲ್ಲಿ ಸಾಕಿ ರೈತರಿಗೆ ಒದಗಿಸುವ ಏರ್ಪಾಡುಂಟು. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು. ಮರಕ್ಕೆ 10ರಿಂದ 20ರಂತೆ, ಹದಿನೈದು ದಿನಕ್ಕೊಮ್ಮೆ ಕೆಲವು ಬಾರಿ ಬಿಡುತ್ತಾರೆ. ಹುಳು ಅರ್ಧ ಬೆಳೆದಿರುವಾಗ ಬಿಟ್ಟರೆ ಫಲ. ತೋಟದಲ್ಲಿ ಬರೀ ಮೊಟ್ಟೆ, ಕೋಶಗಳಿರುವಾಗ ಬಿಟ್ಟರೆ ವ್ಯರ್ಥ. ಪತಂಗಕ್ಕೆ ಬೇಲಿ ತಿಳಿಯದು, ಅಣ್ಣನ ತೋಟ ತಮ್ಮನ ತೋಟವೆಂಬ ಭಾಗ ತಿಳಿಯದು. ಅಕ್ಕಪಕ್ಕದವರು ಒಟ್ಟಾಗಿ ಬಿಡಬೇಕು. ವ್ಯಾಜ್ಯವಿರುವವರು ಇದೊಂದಕ್ಕಾದರೂ ಮಾತನಾಡಲಿ.

ಬಾಧೆಗೊಂಡ ಕೆಳಗಿನ ಎರಡು ಮೂರು ಗರಿಗಳನ್ನು ಕಣಜ ಬಿಡುವ ಮೊದಲೇ ಕಡಿದು ಸುಡಬೇಕು. ಆಮೇಲೆ ಸುಟ್ಟರೆ ಕಣಜವೂ ಬೂದಿಯಾದೀತು. ಹುಳು ಏರುವ ಕಾಲವೂ ನಮ್ಮ ಲಗ್ನಗಳ ಕಾಲವೂ ಒಂದೇ. ಹುಳು ಬಿದ್ದ ತೋಟದ ಗರಿಗಳನ್ನು ಮದುವೆಯ ಚಪ್ಪರಕ್ಕೆಂದು ಗಾಡಿಯಲ್ಲಿ ಹೇರಿ ಬೀಗರ ಊರಿಗೆ ಕಳುಹಿಸಬೇಡಿ.