ಜಯಂತಿಯ ಡಿಜೆ ಮುಂದೆ ನಮ್ಮ ಹೆಣ್ಣುಮಕ್ಕಳು ಎಲ್ಲಿ ನಿಂತಿರ್ತಾರೆ?

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಬೈಯೋರು ಪೂರ್ತಿ ಓದಿದ ಮೇಲೆ ಬೈಯಿರಿ.

ಏಪ್ರಿಲ್ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಜಗಳ. ಅಂಬೇಡ್ಕರ್ ಜಯಂತಿಗೆ ಡಿಜೆ ಬೇಕಾ, ಬೇಡ್ವಾ? ಓದಿ ನೌಕರಿಗೆ ಸೇರಿದ ಅಣ್ಣಂದಿರು 'ಬಾಬಾಸಾಹೇಬರು ಓದಿ ಅಂದ್ರು, ಕುಣೀರಿ ಅಂದ್ರಾ?' ಅಂತಾರೆ. ಕೇರಿಯ ಹುಡುಗರು 'ಗಣೇಶನ ಮುಂದೆ ಅವರು ಕುಣಿದ್ರೆ ಭಕ್ತಿ, ನಮ್ಮಪ್ಪನ ಮುಂದೆ ನಾವು ಕುಣಿದ್ರೆ ಅಸಹ್ಯನಾ?' ಅಂತ ತಿರುಗಿ ಕೇಳ್ತಾರೆ.

ಹುಡುಗರ ಪ್ರಶ್ನೆಯಲ್ಲಿ ನ್ಯಾಯ ಇದೆ. ಊರೊಳಗಿನ ಬೀದಿಯಲ್ಲಿ ತಲೆ ಎತ್ತಿ ನಡೆಯೋದಕ್ಕೇ ಹೊಡೆತ ತಿಂದ ಜನ ನಾವು. ಅದೇ ಬೀದಿಯಲ್ಲಿ ವರ್ಷಕ್ಕೊಂದು ದಿನ ಜೋರಾಗಿ ಹಾಡು ಹಾಕಿ ಕುಣಿಯೋದು ಸಣ್ಣ ವಿಷಯ ಅಲ್ಲ. ಆದ್ರೆ ಈ ಜಗಳದಲ್ಲಿ ಎರಡೂ ಕಡೆ ಕೂತಿರೋರು ಗಂಡಸರೇ. ಆ ಡಿಜೆಯಲ್ಲಿ ಯಾವ ಹಾಡು ಬರುತ್ತೆ, ಅದರಲ್ಲಿ ಹೆಣ್ಣಿನ ಬಗ್ಗೆ ಏನಿರುತ್ತೆ, ಮೆರವಣಿಗೆಯಲ್ಲಿ ನಮ್ಮ ಅಕ್ಕತಂಗಿಯರು ಎಲ್ಲಿ ನಿಂತಿರ್ತಾರೆ ಅಂತ ಯಾರೂ ಕೇಳಲ್ಲ. ಎರಡು ಭೀಮಗೀತೆ ಮುಗಿಯುತ್ತೆ. ಆಮೇಲೆ ಸಿನಿಮಾದ ಐಟಂ ಸಾಂಗು. ಆಮೇಲೆ 'ಜಾನಪದ' ಅಂತ ಹಣೆಪಟ್ಟಿ ಹಚ್ಕೊಂಡು ಯೂಟ್ಯೂಬಿಗೆ ಬರೋ, ಕೈಕೊಟ್ಟ ಹುಡುಗಿಗೆ ಬೈಯೋ ಹಾಡು. ಅಷ್ಟೊತ್ತಿಗೆ ಹೆಣ್ಣುಮಕ್ಕಳು ಮನೆ ಕಟ್ಟೆ ಮೇಲೆ ನಿಂತು ನೋಡ್ತಿರ್ತಾರೆ.

ಮೊದಲು 'ಅಶ್ಲೀಲ' ಅನ್ನೋ ಮಾತನ್ನೇ ಬಿಚ್ಚಿ ನೋಡೋಣ. ಈ ಪದಕ್ಕೆ ಜಾತಿ ಇದೆ.

ದೇವದಾಸಿ ಹೆಣ್ಣುಮಕ್ಕಳು ತಲೆಮಾರುಗಳಿಂದ ಆಡ್ತಿದ್ದ ಸದಿರ್ ಕುಣಿತ ಕೊಳಕು ಅನಿಸ್ಕೊಂಡಿತ್ತು. 1935ರಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಅದನ್ನ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯ ವೇದಿಕೆಗೆ ತಂದ್ರು. ನೋಡನೋಡ್ತಾ ಅದು ಭರತನಾಟ್ಯ ಅನ್ನೋ ಪವಿತ್ರ ಕಲೆ ಆಯ್ತು. 1947ರಲ್ಲಿ ಮದ್ರಾಸಿನಲ್ಲಿ ದೇವದಾಸಿ ಪದ್ಧತಿ ತಡೆಯೋ ಕಾನೂನು ಬಂತು. ಹೆಣ್ಣುಮಕ್ಕಳನ್ನ ದೇವರಿಗೆ ಬಿಡೋದು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಲೆ ಅಗ್ರಹಾರ ಸೇರಿತು, ಕಲಾವಿದೆ ಮನೆಯೊಳಗೆ ಉಳಿದಳು.

ಇನ್ನೂ ಹತ್ತಿರದ ಉದಾಹರಣೆ ಮುಂಬೈ ಡಾನ್ಸ್ ಬಾರ್. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಅವುಗಳನ್ನ ಮುಚ್ಚಿಸಿತು. ಕಾರಣ, ಹೆಣ್ಣಿನ ಘನತೆ ಕಾಪಾಡೋದಂತೆ! ಆದ್ರೆ ಅದೇ ಕಾನೂನಿನಲ್ಲಿ ಮೂರು ಸ್ಟಾರ್ ಮತ್ತು ಅದಕ್ಕಿಂತ ದೊಡ್ಡ ಹೋಟೆಲುಗಳಿಗೆ ವಿನಾಯಿತಿ ಇತ್ತು. ಅಂದ್ರೆ ದುಡ್ಡಿರೋರ ಮುಂದೆ ಕುಣಿದ್ರೆ ಘನತೆ ಹೋಗಲ್ಲ, ಬಡವರ ಬಾರಲ್ಲಿ ಕುಣಿದ್ರೆ ಹೋಗುತ್ತೆ. ಈ ತಾರತಮ್ಯವನ್ನ ಮೊದಲು ಬಾಂಬೆ ಹೈಕೋರ್ಟು, ಆಮೇಲೆ 2013ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಷ್ಟೊತ್ತಿಗೆ ಸಾವಿರಾರು ಹೆಣ್ಣುಮಕ್ಕಳ ಎಂಟು ವರ್ಷದ ಅನ್ನ ಹೋಗಿತ್ತು. ಅವರಲ್ಲಿ ಎಷ್ಟೋ ಜನ ಕುಣಿಯೋದನ್ನೇ ಜಾತಿ ಕಸುಬಾಗಿ ಹೊರಿಸಿಕೊಂಡಿದ್ದ ಸಮುದಾಯಗಳವರು.

ತಮಾಷಾ ಕಥೆಯೂ ಇದೇ. ಲಾವಣಿ ಹಾಡಿ ಕುಣಿದೋರಲ್ಲಿ ಬಹಳ ಮಂದಿ ಮಹಾರ್, ಮಾಂಗ್, ಕೋಲ್ಹಾಟಿ ಹೆಣ್ಣುಮಕ್ಕಳು. ವಿಠಾಬಾಯಿ ನಾರಾಯಣಗಾಂವ್ಕರ್ ಮಾಂಗ್ ಸಮುದಾಯದ ತಮಾಷಾ ಮನೆತನದವರು. ತುಂಬು ಗರ್ಭಿಣಿ ಕುಣಿತಾ ಕುಣಿತಾ ಪರದೆ ಹಿಂದೆ ಹೋಗಿ ಹೆತ್ತು, ಮತ್ತೆ ವೇದಿಕೆಗೆ ಬಂದರು ಅಂತ ಮಹಾರಾಷ್ಟ್ರದಲ್ಲಿ ಇವತ್ತಿಗೂ ಹೇಳ್ತಾರೆ. ಎರಡು ಸಲ ರಾಷ್ಟ್ರಪತಿಗಳಿಂದ ಗೌರವ ಬಂತು. 2002ರಲ್ಲಿ ಬಡತನದಲ್ಲೇ ತೀರಿಕೊಂಡರು. ಆಮೇಲೆ ಅವರ ಹೆಸರಲ್ಲಿ ಸರ್ಕಾರ ಪ್ರಶಸ್ತಿ ಶುರು ಮಾಡ್ತು.

ಇದರ ಮೇಲೆ ಶೈಲಜಾ ಪಾಯಿಕ್ 2022ರಲ್ಲಿ 'ದಿ ವಲ್ಗ್ಯಾರಿಟಿ ಆಫ್ ಕಾಸ್ಟ್' ಅನ್ನೋ ಪುಸ್ತಕ ಬರೆದ್ರು. ಪುಣೆಯ ಯರವಾಡದ ಕೇರಿಯಲ್ಲಿ ಬೆಳೆದ ದಲಿತ ಹೆಣ್ಣುಮಗಳು, 2024ರಲ್ಲಿ ಮ್ಯಾಕ್ಆರ್ಥರ್ ಫೆಲೋಶಿಪ್ ಪಡೆದೋರು. 'ಅಶ್ಲೀಲ' ಅಂತ ಮುದ್ರೆ ಬಿದ್ದ ಹೆಣ್ಣಿಗೂ ಮನುಷ್ಯತ್ವ ಪಡೆಯೋ ಹೋರಾಟಕ್ಕೂ ಏನು ನಂಟು ಅನ್ನೋದನ್ನ ಅವರು ತಮಾಷಾ ಹೆಣ್ಣುಮಕ್ಕಳ ಬದುಕಿನ ಮೂಲಕ ತೋರಿಸ್ತಾರೆ. ಓದಬೇಕಾದ ಪುಸ್ತಕ.

ಈಗ ನಮಗೇ ಚುಚ್ಚೋ ಭಾಗಕ್ಕೆ ಬರ್ತೀನಿ.

1936ರಲ್ಲಿ ಬಾಬಾಸಾಹೇಬರು ಮುಂಬೈನಲ್ಲಿ ಮುರಳಿ, ಜೋಗತಿ, ದೇವದಾಸಿ ಹೆಣ್ಣುಮಕ್ಕಳನ್ನ ಉದ್ದೇಶಿಸಿ ಮಾತಾಡಿದ್ರು. ನಮ್ಮ ಜೊತೆ ಬರೋದಾದ್ರೆ ಈ ಬದುಕು ಬಿಟ್ಟು ಬನ್ನಿ ಅಂತ ನೇರವಾಗಿ ಹೇಳಿದ್ರು. ಇದನ್ನ ಹಿಡ್ಕೊಂಡು ಕೆಲವರು 'ನೋಡಿ, ಬಾಬಾಸಾಹೇಬರಿಗೂ ಕುಣಿತ ಆಗ್ತಿರ್ಲಿಲ್ಲ' ಅಂತಾರೆ. ಆ ಕಾಲ ನೋಡ್ರಪ್ಪ. ಅವತ್ತು ಆ ಹೆಣ್ಣುಮಗಳಿಗೆ 'ನಾನು ಕುಣಿಯಲ್ಲ' ಅನ್ನೋ ಅಧಿಕಾರ ಇತ್ತಾ? ಹುಟ್ಟಿದ ಜಾತಿ ಅವಳನ್ನ ಮೇಲ್ಜಾತಿ ಗಂಡಸರ ಮುಂದೆ ತಂದು ನಿಲ್ಲಿಸಿತ್ತು. ಬಾಬಾಸಾಹೇಬರು ಕೇಳಿದ್ದು ಆ ಬಲವಂತದಿಂದ ಬಿಡುಗಡೆ. ಬಿಟ್ಟು ಬಂದ ಮೇಲೆ ಹೊಟ್ಟೆಗೇನು ಅಂತ ಆ ಹೆಣ್ಣುಮಕ್ಕಳು ಕೇಳಿದ್ರೆ ಅದೂ ನ್ಯಾಯವಾದ ಪ್ರಶ್ನೆಯೇ. ನಮ್ಮ ರಾಜ್ಯದಲ್ಲಿ 1982ರ ದೇವದಾಸಿ ನಿಷೇಧ ಕಾನೂನು ಬಂದು ನಲವತ್ತು ವರ್ಷ ದಾಟಿದ್ರೂ ಮಾಜಿ ದೇವದಾಸಿ ತಾಯಂದಿರು ಪಿಂಚಣಿಗೆ, ಮನೆಗೆ, ಮಕ್ಕಳ ಓದಿಗೆ ಧರಣಿ ಕೂರ್ತಾನೇ ಇದ್ದಾರೆ.

ಅದೇ ಮೂವತ್ತರ ದಶಕದಲ್ಲಿ ಭೀಮರಾವ್ ಕರಡಕ್ ಮುಂತಾದವರು ಅಂಬೇಡ್ಕರಿ ಜಲಸಾ ಕಟ್ಟಿದ್ರು. ತಮಾಷಾದ ರೂಪ ತಗೊಂಡು, ಅದರೊಳಗೆ ಚಳವಳಿಯ ಮಾತು ತುಂಬಿ, ಹಳ್ಳಿ ಹಳ್ಳಿಗೆ ಮುಟ್ಟಿಸಿದ್ರು. ದೊಡ್ಡ ಕೆಲಸ ಅದು. ಆದ್ರೆ ಕುಣಿಯೋ ಹೆಣ್ಣನ್ನ ಆ ವೇದಿಕೆಯಿಂದ ದೂರ ಇಟ್ರು. ಅವಳನ್ನ ಯಜಮಾನನ ಕಣ್ಣಿಂದ ಕಾಪಾಡಬೇಕಿತ್ತು, ಸರಿ. ಕಾಪಾಡಿ ತಂದು ಎಲ್ಲಿ ನಿಲ್ಲಿಸಿದ್ವಿ? ಮನೆ ಬಾಗಿಲಲ್ಲಿ. ಅವಳಿಗೇ ಒಂದು ವೇದಿಕೆ ಕೊಡಬೇಕು ಅಂತ ನಮಗೆ ಹೊಳೀಲಿಲ್ಲ. ಇವತ್ತು ಜಯಂತಿ ದಿನ ಕಟ್ಟೆ ಮೇಲೆ ನಿಂತು ನೋಡೋ ತಂಗಿ ಆ ಬಾಗಿಲಲ್ಲೇ ಇದ್ದಾಳೆ.

ಖಾಲಿ ಬಿಟ್ಟ ಆ ಜಾಗಕ್ಕೆ ಮೇಲ್ಜಾತಿ ಗಂಡಸುತನದ ನಕಲು ಬಂದು ಕೂತಿದೆ. ಪಂಜಾಬ್ ನೋಡಿ. ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು 32 ಪರ್ಸೆಂಟ್ ದಲಿತರು, ದೇಶದಲ್ಲೇ ಹೆಚ್ಚು. ಭೂಮಿ ಮಾತ್ರ ಬಹುಪಾಲು ಜಾಟರ ಕೈಲಿ. ಹಾಡೂ ಅವರ ಕೈಲೇ ಇತ್ತು. ಬಂದೂಕು, ಜೀಪು, ಮೀಸೆ, ಹೊಲ, ಹುಡುಗಿ, ಎಲ್ಲಾ ಒಂದೇ ಪಟ್ಟಿಯಲ್ಲಿ. ಅದಕ್ಕೆ ಉತ್ತರವಾಗಿ ಚಮಾರ್ ಪಾಪ್ ಬಂತು. ಬರಬೇಕಾದ್ದೇ, ಅವಮಾನದ ಪದವನ್ನೇ ಹೆಮ್ಮೆ ಮಾಡಿದ ಹಾಡುಗಳವು. ಆದ್ರೆ ಎಷ್ಟೋ ಹಾಡುಗಳಲ್ಲಿ ಜಾತಿ ಹೆಸರು ಮಾತ್ರ ಬದಲಾಯ್ತು, ಬಂದೂಕು ಮೀಸೆ ಹಾಗೇ ಉಳೀತು.

ಅದರ ನಡುವೆ ಎದ್ದು ಬಂದ ಹುಡುಗಿ ಜಲಂಧರದ ಗಿನ್ನಿ ಮಾಹಿ. ನಿನ್ನ ಜಾತಿ ಯಾವುದು ಅಂತ ಕಾಲೇಜಿನಲ್ಲಿ ಕೇಳಿದ್ರಂತೆ. ಹೇಳಿದ್ದಕ್ಕೆ, ಅವರು ಡೇಂಜರ್ ಜನ ಅನ್ನೋ ಮಾತು ಬಂತಂತೆ. ಅದನ್ನೇ ಹಿಡಿದು 2016ರಲ್ಲಿ 'ಡೇಂಜರ್ ಚಮಾರ್' ಹಾಡಿ ದೇಶದ ಗಮನ ಸೆಳೆದಳು. ಅವಳ ಹಾಡಲ್ಲಿ ಡೇಂಜರ್ ಅಂದ್ರೆ ಬಂದೂಕಲ್ಲ, ಹೋರಾಟ ಮಾಡೋ ಜನರ ಧೈರ್ಯ. ಹದಿಹರೆಯದ ದಲಿತ ಹುಡುಗಿ ಮೈಕ್ ಹಿಡಿದು ಬಾಬಾಸಾಹೇಬರ ಹೆಸರು ಹೇಳಿದ್ದೇ ಸಾಕಿತ್ತು, ಹಾಡಿನ ಅರ್ಥ ಬದಲಾಗೋದಕ್ಕೆ.

ಚೆನ್ನೈನಲ್ಲಿ ಇಸೈವಾಣಿ. ಗಾನಾ ಅಂದ್ರೆ ಉತ್ತರ ಚೆನ್ನೈ ಕೇರಿಗಳ ಹಾಡು, ಸಾವಿನ ಮನೆಯಲ್ಲಿ ಹಾಡೋ ಹಾಡು, ಬಹುತೇಕ ಗಂಡಸರದ್ದೇ. ಆ ಗುಂಪಿನೊಳಗೆ ನುಗ್ಗಿದ ಹೆಣ್ಣು ಈಕೆ. ಪಾ. ರಂಜಿತ್ ಬೆಂಬಲದಲ್ಲಿ ಹುಟ್ಟಿದ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲಿ ಹಾಡಿ, 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಗೆ ಬಂದ್ರು. ಶಬರಿಮಲೆಗೆ ಹೆಣ್ಣುಮಕ್ಕಳ ಪ್ರವೇಶದ ಬಗ್ಗೆ ಅವರು ಹಿಂದೆ ಹಾಡಿದ್ದ ಹಾಡನ್ನ 2024ರ ನವೆಂಬರಿನಲ್ಲಿ ಕೆದಕಿ ತೆಗೆದು, ದೂರು ಕೊಟ್ಟು, ಬೆದರಿಸಿ ಕಾಡಿದ್ರು. ಐಟಂ ಸಾಂಗಿಗೆ ಯಾವತ್ತೂ ನೋಯದ 'ಭಾವನೆ', ದಲಿತ ಹೆಣ್ಣು ದೇವಸ್ಥಾನದ ಬಾಗಿಲ ಬಗ್ಗೆ ಹಾಡಿದ ಕೂಡಲೇ ನೋಯುತ್ತೆ. ಅಶ್ಲೀಲ ಅಂದ್ರೆ ಅವರಿಗೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ?

ಇನ್ನು ಆ 'ಕೈಕೊಟ್ಟ ಹುಡುಗಿ' ಹಾಡುಗಳ ವಿಷಯ. ತಮ್ಮಂದಿರೇ, ಇದು ಮಾತ್ರ ಗಮನ ಇಟ್ಟು ಕೇಳಿ. ಜಾತಿ ದಾಟಿ ಪ್ರೀತಿ ಮಾಡಿದ ನಮ್ಮ ಹುಡುಗನನ್ನ ಬಿಟ್ಟು ಹೋದ ಹುಡುಗಿ ಯಾಕೆ ಹೋದಳು? ಎಷ್ಟೋ ಸಲ ಅವಳ ಅಪ್ಪ, ಅಣ್ಣ, ಮಾವ ಕೂಡಿಹಾಕಿ, ಹೊಡೆದು, 'ಅವನನ್ನ ಮುಗಿಸ್ತೀವಿ' ಅಂತ ಹೆದರಿಸಿದ್ದಕ್ಕೆ. ಹಾಡು ಬೈಯೋದು ಯಾರಿಗೆ? ಆ ಹುಡುಗಿಗೆ. ಅವಳ ಅಪ್ಪನ ಜಾತಿಗೆ ಒಂದು ಸಾಲೂ ಇಲ್ಲ! 2016ರ ಮಾರ್ಚಿನಲ್ಲಿ ತಮಿಳುನಾಡಿನ ಉಡುಮಲೈಪೇಟೆಯಲ್ಲಿ ದಲಿತ ಹುಡುಗ ಶಂಕರನನ್ನ ಹಾಡಹಗಲೇ ನಡುರಸ್ತೆಯಲ್ಲಿ ಕಡಿದು ಕೊಂದ್ರು. ಜೊತೆಗಿದ್ದ ಹೆಂಡತಿ ಕೌಸಲ್ಯಾಗೂ ತಲೆಗೆ ಏಟು ಬಿತ್ತು. ಬದುಕುಳಿದ ಆ ಹೆಣ್ಣುಮಗಳು ಹೆತ್ತವರ ವಿರುದ್ಧವೇ ಕೋರ್ಟಲ್ಲಿ ಸಾಕ್ಷಿ ಹೇಳಿದಳು. ಆಮೇಲೆ ಪರೈ ಬಾರಿಸೋದು ಕಲಿತಳು. ಅವಳ ಬಗ್ಗೆ ಎಷ್ಟು ಡಿಜೆ ಹಾಡು ಬಂದಿವೆ?

ಹೆಣ್ಣು ಗಂಡು ಅಂತ ಎರಡೇ ಪೆಟ್ಟಿಗೆಯಲ್ಲಿ ಮುಗಿಯದ ಮಾತೂ ಇದೆ. 'ನಾನು ಅವನಲ್ಲ ಅವಳು' ಸಿನಿಮಾಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ತಗೊಂಡಾಗ ನಾವೆಲ್ಲ ಹೆಮ್ಮೆಪಟ್ವಿ. ಒಳ್ಳೆ ನಟ, ಬೇಗ ಹೋಗಿಬಿಟ್ರು. ಆ ಕಥೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯದ್ದು, ಆಕೆ ದಲಿತ ಟ್ರಾನ್ಸ್ ಮಹಿಳೆ ಅನ್ನೋದು ನಮ್ಮಲ್ಲೇ ಎಷ್ಟು ಜನಕ್ಕೆ ನೆನಪಿದೆ? ಇತ್ತ ನಮ್ಮ ಕಾಮಿಡಿ ಸೀನುಗಳಲ್ಲಿ ಮೆಲ್ಲಗೆ ಮಾತಾಡೋ ಗಂಡಸು ಅಂದ್ರೆ ಇವತ್ತಿಗೂ ನಗೋ ಸರಕು. ಅದೇ ಡೈಲಾಗನ್ನ ಜಯಂತಿ ಮೆರವಣಿಗೆಯಲ್ಲಿ ಕೇರಿಯ ಒಬ್ಬ ಮೆತ್ತನೆ ಹುಡುಗನಿಗೆ ಅಂದು ಕೇಕೆ ಹಾಕ್ತಾರೆ. ಅಸ್ಪೃಶ್ಯತೆ ಅಂದ್ರೆ ಏನು ಅಂತ ಗೊತ್ತಿರೋ ನಾವು ಅವನಿಗೆ ಮಾಡ್ತಿರೋದು ಏನು?

ಇದಕ್ಕೆ ಡಿಜೆ ನಿಲ್ಸಿ ಅನ್ನೋದು ನನ್ನ ಉತ್ತರ ಅಲ್ಲ. ನಿಷೇಧ ಬಂದಾಗೆಲ್ಲ ಮೊದಲು ಬಾಗಿಲು ಮುಚ್ಚೋದು ನಮ್ಮ ಕೇರಿಗೇ. ನಾನು ಕೇಳೋದು ಇಷ್ಟೇ.

ಜಯಂತಿ ಕಮಿಟಿಯಲ್ಲಿ ಅರ್ಧ ಹೆಣ್ಣುಮಕ್ಕಳು ಇರಲಿ, ಅಡುಗೆ ಕಮಿಟಿಯಲ್ಲಲ್ಲ, ದುಡ್ಡಿನ ಕಮಿಟಿಯಲ್ಲಿ. ಡಿಜೆಯವನಿಗೆ ಅಡ್ವಾನ್ಸ್ ಕೊಡೋ ಮೊದಲು ಹಾಡಿನ ಪಟ್ಟಿಯನ್ನ ಅವರೂ ಕೂತು ನೋಡ್ಲಿ. ಡಿಜೆಗೆ ಕೊಡೋ ಬಾಡಿಗೆಯಲ್ಲಿ ಒಂದು ಪಾಲು ತೆಗೆದು ನಮ್ಮ ಸುತ್ತಲಿನ ಹೋರಾಟದ ಹಾಡು ಹಾಡೋ ಅಕ್ಕಂದಿರಿಗೆ ಕೊಡಿ. ಬಸ್ ಚಾರ್ಜು, ಶಾಲು ಕೊಟ್ಟು ಕಳಿಸೋದಲ್ಲ, ಸಂಭಾವನೆ. ತಮಟೆ ಗಂಡಸರದ್ದು ಅನ್ನೋರು ದಿಂಡಿಗಲ್‌ನ ಶಕ್ತಿ ತಂಡ ನೋಡಿ, ದಲಿತ ಹೆಣ್ಣುಮಕ್ಕಳು ಪರೈ ಕಟ್ಟಿಕೊಂಡು ಎಷ್ಟೋ ವರ್ಷದಿಂದ ಬಾರಿಸ್ತಿದ್ದಾರೆ. ಡಿಜೆ ಮುಂದೆ ಹೆಣ್ಣುಮಕ್ಕಳು, ಟ್ರಾನ್ಸ್ ಸಂಗಾತಿಗಳು ಭಯ ಇಲ್ಲದೆ ಕುಣಿಯೋಕೆ ಜಾಗ ಬಿಡಿ. ಕುಡಿದು ಮೈಮೇಲೆ ಬೀಳೋನು ನಮ್ಮ ಹುಡುಗನೇ ಆದ್ರೂ ಮೆರವಣಿಗೆಯಿಂದ ಹೊರಗೆ ಹಾಕಿ.

ಒಂದು ಸಮುದಾಯದ ಪ್ರಗತಿಯನ್ನ ಅದರ ಹೆಣ್ಣುಮಕ್ಕಳು ಎಷ್ಟು ಮುಂದೆ ಬಂದಿದ್ದಾರೆ ಅನ್ನೋದರಿಂದ ಅಳೀತೀನಿ ಅಂದಿದ್ರು ಬಾಬಾಸಾಹೇಬರು. ಆ ಮಾತನ್ನ ಪ್ರತಿ ವರ್ಷ ಫ್ಲೆಕ್ಸ್ ಮೇಲೆ ಹಾಕಿಸ್ತೀವಿ. ಈ ಸಲ ಫ್ಲೆಕ್ಸ್ ಕಟ್ಟೋ ಮುಂಚೆ ಕಮಿಟಿ ಮೀಟಿಂಗಿಗೆ ಒಬ್ಬ ಅಕ್ಕನನ್ನ ಕರೀರಿ. ನಿಮ್ಮೂರಲ್ಲಿ ಈಗಾಗಲೇ ಹೀಗೆ ಮಾಡ್ತಿದ್ರೆ ಕೆಳಗೆ ಬರೀರಿ, ಬೇರೆ ಊರಿನವರಿಗೂ ಗೊತ್ತಾಗ್ಲಿ.

ಜೈಭೀಮ್. ಜೈ ಸಾವಿತ್ರಿ.