ಎರಡು ಸಾವಿರ ಮನೆಗಳ ಬಾಗಿಲು

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ಕೋಶ ಓದುವ ಬಗೆಯನ್ನು ಗುರುಗಳು ಶಾಲೆಯಲ್ಲಿ ಕಲಿಸುತ್ತಾರೆ. ದೇಶ ಸುತ್ತುವ ಬಗೆಯನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಆದ್ದರಿಂದಲೇ ದೇಶ ಸುತ್ತುವುದೆಂದರೆ ಅರಮನೆ, ಗೋಪುರ, ಜಲಪಾತಗಳನ್ನು ಕಂಡು, ಅವುಗಳ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡು ಬರುವುದೆಂದು ಬಹುಮಂದಿ ಭಾವಿಸಿದ್ದಾರೆ. ಹಿರಿಯರು ಕೋಶದೊಂದಿಗೆ ಸರಿಸಮವಾಗಿ ದೇಶವನ್ನು ಹೇಳಿದ್ದು ಇಷ್ಟಕ್ಕಾಗಿಯೇ ಆಗಿರಲಾರದು. ಪುಸ್ತಕದಲ್ಲಿ ಬರೆದಿಡಲಾಗದ ಯಾವುದೋ ಒಂದು ವಿದ್ಯೆ ದೇಶಸಂಚಾರದಲ್ಲಿ ದೊರೆಯುತ್ತದೆ ಎಂಬುದೇ ಅವರ ಅಭಿಪ್ರಾಯವಾಗಿರಬೇಕು.

ಇಂದು ವಿದೇಶಯಾತ್ರೆ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಆದರೆ ಯಾತ್ರೆ ಸುಲಭವಾದಂತೆಲ್ಲ ಯಾತ್ರಿಕನು ಮನುಷ್ಯರಿಂದ ದೂರವಾಗುತ್ತಿದ್ದಾನೆ. ಹೊರಡುವ ಮೊದಲೇ ತಂಗುವ ಕೋಣೆ, ಉಣ್ಣುವ ಊಟ, ಏರುವ ವಾಹನ, ನೋಡುವ ಸ್ಥಳ ಎಲ್ಲವೂ ನಿಗದಿಯಾಗಿರುತ್ತವೆ. ತನ್ನವರೊಂದಿಗೆ ತನ್ನ ಭಾಷೆಯಲ್ಲಿ ಮಾತನಾಡುತ್ತ ಹತ್ತು ದಿನಗಳಲ್ಲಿ ಆರು ದೇಶಗಳನ್ನು ಸುತ್ತಿ ಹಿಂದಿರುಗಿದವನಿಗೆ ಆ ಆರು ದೇಶಗಳಲ್ಲಿ ಹೆಸರು ಹಿಡಿದು ಕರೆಯಬಲ್ಲ ಒಬ್ಬ ಮನುಷ್ಯನೂ ಇರುವುದಿಲ್ಲ. ಹಣ ಕೊಟ್ಟವನಿಗೆ ಸೇವೆ ದೊರೆಯುತ್ತದೆ, ನಿಜ. ಆದರೆ ಸೇವೆ ದೊರೆತ ಮಾತ್ರಕ್ಕೆ ಸಂಬಂಧ ಬೆಳೆಯುವುದಿಲ್ಲ.

ಇದಕ್ಕೆ ತೀರ ಭಿನ್ನವಾದ ಒಂದು ಕುಟುಂಬದ ಸಂಚಾರವನ್ನು ಓದುಗ ಬಂಧುಗಳ ಗಮನಕ್ಕೆ ತರಬೇಕೆನಿಸಿದೆ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಹರ್ಮನ್ ಜಾಪ್ ಮತ್ತು ಕಾಂಡೆಲಾರಿಯಾ ಜಾಪ್ ದಂಪತಿಗಳು 2000ನೆಯ ಇಸವಿಯ ಜನವರಿಯಲ್ಲಿ ಬ್ಯೂನಸ್ ಐರಿಸ್ ನಗರದಿಂದ ಹೊರಟರು. ಕೈಯಲ್ಲಿ ಒಳ್ಳೆಯ ಉದ್ಯೋಗವಿತ್ತು, ಇರಲು ಮನೆಯಿತ್ತು. ಮಕ್ಕಳಾಗುವ ಮುನ್ನ ಒಮ್ಮೆ ಉತ್ತರದ ತುದಿಯಾದ ಅಲಾಸ್ಕದವರೆಗೆ ಹೋಗಿಬರಬೇಕೆಂಬುದು ಅವರ ಬಹುದಿನದ ಬಯಕೆ. ಆರು ತಿಂಗಳಲ್ಲಿ ಮುಗಿಯುವ ಪಯಣವೆಂದು ಅವರ ಎಣಿಕೆ. ಆ ಪಯಣಕ್ಕೆ ಅವರು ಆರಿಸಿಕೊಂಡ ವಾಹನವಾದರೂ ಎಂಥದ್ದು! 1928ರಲ್ಲಿ ತಯಾರಾದ ಗ್ರಹಾಂ-ಪೇಜ್ ಎಂಬ ಅಮೆರಿಕದ ಮೋಟಾರು ಕಾರು. ಎಂಜಿನ್ನು ಸರಿಯಾಗಿ ಓಡುತ್ತಿರಲಿಲ್ಲ, ಬಣ್ಣ ಮಾಸಿಹೋಗಿತ್ತು. ಅದರ ವಯಸ್ಸು ಆಗಲೇ ಎಪ್ಪತ್ತು ದಾಟಿತ್ತು.

ಅಲಾಸ್ಕವನ್ನು ಮುಟ್ಟುವುದಕ್ಕೇ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಗೂ ಪಯಣ ನಿಲ್ಲಲಿಲ್ಲ. ಅವರು ಮತ್ತೆ ಬ್ಯೂನಸ್ ಐರಿಸ್ಸಿಗೆ ಬಂದು ಸಂಚಾರ ಮುಗಿಸಿದ್ದು 2022ರ ಮಾರ್ಚ್ ತಿಂಗಳಲ್ಲಿ. ಇಪ್ಪತ್ತೆರಡು ವರ್ಷ, ಐದು ಖಂಡ, 102 ದೇಶ, 3,62,000 ಕಿಲೋಮೀಟರ್ ದಾರಿ! ಹೊರಡುವಾಗ ಇಬ್ಬರೇ ಇದ್ದವರು ಮರಳುವಾಗ ಆರು ಮಂದಿಯಾಗಿದ್ದರು. ಮೊದಲ ಮಗು ಹುಟ್ಟಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಎರಡನೆಯದು ಅರ್ಜೆಂಟೀನಾದಲ್ಲಿ, ಮೂರನೆಯದು ಕೆನಡಾದಲ್ಲಿ, ನಾಲ್ಕನೆಯದು ಆಸ್ಟ್ರೇಲಿಯಾದಲ್ಲಿ. ದಾರಿಯೇ ಆ ಮಕ್ಕಳಿಗೆ ತವರಾಯಿತು.

ಈ ಅಂಕಿಸಂಖ್ಯೆಗಳು ಬೆರಗು ಹುಟ್ಟಿಸುತ್ತವೆ. ಆದರೆ ನಾವು ಗಮನಿಸಬೇಕಾದ ಸಂಖ್ಯೆ ಬೇರೊಂದಿದೆ. ಈ ಇಪ್ಪತ್ತೆರಡು ವರ್ಷಗಳಲ್ಲಿ ತಾವು ಸುಮಾರು ಎರಡು ಸಾವಿರ ಮನೆಗಳಲ್ಲಿ ತಂಗಿದ್ದುಂಟೆಂದು ಆ ದಂಪತಿಗಳು ಲೆಕ್ಕ ಹೇಳಿದ್ದಾರೆ. ಇಪ್ಪತ್ತೆರಡು ವರ್ಷವೆಂದರೆ ಸುಮಾರು ಎಂಟು ಸಾವಿರ ದಿನ. ಸರಾಸರಿ ನಾಲ್ಕು ದಿನಕ್ಕೊಮ್ಮೆ ಹಿಂದೆಂದೂ ಕಂಡರಿಯದ ಯಾರೋ ಒಬ್ಬರು ತಮ್ಮ ಮನೆಯ ಬಾಗಿಲನ್ನು ಈ ಪರದೇಶಿಗಳಿಗಾಗಿ ತೆರೆದಿದ್ದಾರೆ. ಭಾಷೆ ಬೇರೆ, ಊಟ ಬೇರೆ, ದೇವರು ಬೇರೆ. ಆದರೂ ‘ಒಳಗೆ ಬನ್ನಿ’ ಎಂದಿದ್ದಾರೆ.

ಇದು ಹೇಗೆ ಸಾಧ್ಯವಾಯಿತು? ಯೋಚಿಸಿದರೆ ಆ ಹಳೆಯ ಕಾರಿನಲ್ಲೇ ಉತ್ತರ ದೊರೆಯುತ್ತದೆ. ಅದು ವೇಗವಾಗಿ ಓಡುವ ವಾಹನವಲ್ಲ. ತಂಪುಗಾಳಿಯ ಯಂತ್ರವಿಲ್ಲ, ಮೆತ್ತನೆಯ ಆಸನವಿಲ್ಲ. ಮೆಲ್ಲನೆ ಸಾಗುವ ವಿಚಿತ್ರ ಬಂಡಿಯನ್ನು ಕಂಡ ದಾರಿಹೋಕರು ನಿಂತು ನೋಡುತ್ತಾರೆ, ಹತ್ತಿರ ಬಂದು ಮಾತನಾಡಿಸುತ್ತಾರೆ. ಅಷ್ಟು ಹಳೆಯ ಗಾಡಿ ಕೆಟ್ಟು ನಿಂತರೆ ಅದರ ಬಿಡಿಭಾಗ ಅಂಗಡಿಯಲ್ಲಿ ದೊರೆಯುವುದಿಲ್ಲ. ಊರಿನ ಕಮ್ಮಾರನನ್ನೋ ಬಡಗಿಯನ್ನೋ ಮೆಕ್ಯಾನಿಕ್ಕನನ್ನೋ ಆಶ್ರಯಿಸಲೇಬೇಕು. ಎಲ್ಲವನ್ನೂ ಹೊಂದಿಸಿಕೊಂಡು ಹೊರಟವನಿಗೆ ಯಾರ ಅಗತ್ಯವೂ ಬೀಳುವುದಿಲ್ಲ. ಆದ್ದರಿಂದ ಅವನಿಗೆ ಯಾರೂ ಸಿಕ್ಕುವುದೂ ಇಲ್ಲ. ಕೊರತೆಯಿರುವವನು ಕೇಳಬೇಕಾಗುತ್ತದೆ, ಕೇಳುವವನಿಗೆ ಮನುಷ್ಯರು ಸಿಕ್ಕುತ್ತಾರೆ.

ಕೇಳುವುದೆಂದರೆ ಭಿಕ್ಷೆಯೆಂದು ಯಾರೂ ಭಾವಿಸಬೇಕಾಗಿಲ್ಲ. ದಾರಿಯಲ್ಲಿ ಹಣ ತೀರಿದಾಗ ಕಾಂಡೆಲಾರಿಯಾ ಹಕ್ಕಿಗಳ ಚಿತ್ರಗಳನ್ನು ಬರೆದರು, ಹರ್ಮನ್ ಅವುಗಳಿಗೆ ಚೌಕಟ್ಟು ಕಟ್ಟಿದರು. ಮುಂದೆ ತಮ್ಮ ಪಯಣದ ಕಥೆಯನ್ನೇ ಪುಸ್ತಕವಾಗಿ ಬರೆದು, ಊರೂರಿನಲ್ಲಿ ಮಾರಿ, ಅದರಿಂದಲೇ ದಾರಿಯ ಖರ್ಚನ್ನು ತೂಗಿಸಿದರು. ತಮ್ಮ ಕೈಗಳ ದುಡಿಮೆಯನ್ನು ಅವರು ಬಿಡಲಿಲ್ಲ. ಉಂಡ ಮನೆಗಳಿಗೆ ತಾವು ಕಂಡ ಲೋಕದ ಕಥೆಗಳನ್ನು ಕೊಟ್ಟರು. ಊರು ಬಿಟ್ಟು ಹೋಗದವರ ಪಡಸಾಲೆಗೆ ದೂರದ ದೇಶಗಳನ್ನು ತಂದರು. ಉಣಬಡಿಸಿದವರಿಗೂ ಅದು ನಷ್ಟದ ಬಾಬತ್ತಾಗಲಿಲ್ಲ.

‘ಲೋಕ ಕೆಟ್ಟಿದೆ, ಯಾರನ್ನೂ ನಂಬಬಾರದು’ ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಪತ್ರಿಕೆಯನ್ನು ಬಿಡಿಸಿದರೆ, ದೂರದರ್ಶನವನ್ನು ಹಾಕಿದರೆ ಕೊಲೆ, ಸುಲಿಗೆ, ವಂಚನೆಗಳದೇ ವಾರ್ತೆ. ಆ ವಾರ್ತೆಗಳು ಸುಳ್ಳಲ್ಲ. ಆದರೆ ಅಪರಿಚಿತನಿಗೆ ಅನ್ನವಿಕ್ಕಿದ ಸಂಗತಿ ವಾರ್ತೆಯಾಗುವುದಿಲ್ಲ. ಕೆಡುಕು ಅಪರೂಪವಾದ್ದರಿಂದಲೇ ಸುದ್ದಿಯಾಗುತ್ತದೆ, ಒಳಿತು ನಿತ್ಯದ್ದಾದ್ದರಿಂದ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಜಾಪ್ ಕುಟುಂಬಕ್ಕೂ ಕಷ್ಟಗಳು ಬಾರದೆ ಇರಲಿಲ್ಲ. ಹರ್ಮನ್ ಅವರಿಗೆ ಮಲೇರಿಯಾ ತಗುಲಿತು. ಸಾಂಕ್ರಾಮಿಕ ರೋಗಗಳು ಹಬ್ಬಿದ್ದ ನಾಡುಗಳನ್ನು ಅವರು ಹಾಯಬೇಕಾಯಿತು. ಆದರೂ ತಾವು ಕಂಡ ಅದ್ಭುತಗಳಲ್ಲಿ ಮನುಷ್ಯರೇ ಮೊದಲಿನವರೆಂಬುದು ಅವರ ಅನುಭವದ ಸಾರ. ಎರಡು ಸಾವಿರ ಮನೆಗಳು ಕೊಟ್ಟ ಈ ಸಾಕ್ಷ್ಯವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮಕ್ಕಳ ವಿದ್ಯಾಭ್ಯಾಸದ ಗತಿಯೇನೆಂದು ಕೇಳುವವರಿದ್ದಾರೆ. ತಾಯಿಯೇ ದಾರಿಯಲ್ಲಿ ಅವರಿಗೆ ಗುರುವಾದರು. ಎಲ್ಲರೂ ಮನೆಮಠ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೊರಡಬೇಕೆಂದು ಹೇಳುವುದು ಈ ಬರೆಹದ ಉದ್ದೇಶವಲ್ಲ. ಅದು ಅವರ ದಾರಿ. ನಾವು ಕೇಳಿಕೊಳ್ಳಬೇಕಾದ, ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆಯಿದೆ.

ಜಾಪ್ ಕುಟುಂಬ ಲೋಕವನ್ನು ಸುತ್ತುತ್ತಿದ್ದ ಕಾಲದಲ್ಲಿಯೇ ಅವರದೇ ಖಂಡದಲ್ಲಿ ಬೇರೆ ಕುಟುಂಬಗಳೂ ದೀರ್ಘಪಯಣ ಹೊರಟಿದ್ದವು. ಅವು ಕನಸಿನ ಬೆನ್ನು ಹತ್ತಿ ಹೊರಟವುಗಳಲ್ಲ, ಹಸಿವು ಬೆನ್ನಟ್ಟಿದ್ದರಿಂದ ಹೊರಟವು. ವೆನಿಜುವೆಲಾ ದೇಶದ ಆರ್ಥಿಕ ವ್ಯವಸ್ಥೆ ಕುಸಿದು ಬಿದ್ದಾಗ 70 ಲಕ್ಷಕ್ಕೂ ಹೆಚ್ಚು ಮಂದಿ ಆ ದೇಶವನ್ನು ತೊರೆದರು. ಬಸ್ಸಿಗೆ ಹಣವಿಲ್ಲದ ಸಾವಿರಾರು ಜನ, ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಆಂಡಿಸ್ ಪರ್ವತಗಳ ಚಳಿಯಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆದೇ ಹೋದರು. ಕೊಲಂಬಿಯಾ ಮತ್ತು ಪನಾಮಾಗಳ ನಡುವೆ ಡೇರಿಯನ್ ಎಂಬ ದಟ್ಟಾರಣ್ಯವಿದೆ. ಅಲ್ಲಿ ರಸ್ತೆಯೇ ಇಲ್ಲ. ಅಲಾಸ್ಕದಿಂದ ಅರ್ಜೆಂಟೀನಾದವರೆಗೆ ಹಬ್ಬಿದ ಮಹಾಹೆದ್ದಾರಿ ಕಡಿದುಹೋಗಿರುವುದು ಅದೊಂದೇ ಕಡೆ. ವಾಹನವಿರುವ ಯಾತ್ರಿಕರು ಅದನ್ನು ಹಡಗಿನಲ್ಲಿ ಸಾಗಿಸಿ ಆ ಕಾಡನ್ನು ತಪ್ಪಿಸಿಕೊಳ್ಳುತ್ತಾರೆ. 2023ನೆಯ ಒಂದೇ ವರ್ಷದಲ್ಲಿ 5,20,000ಕ್ಕೂ ಹೆಚ್ಚು ಜನ ಆ ಕಾಡನ್ನು ಕಾಲ್ನಡಿಗೆಯಲ್ಲಿ ದಾಟಿದರು. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮಕ್ಕಳು.

ಜಾಪ್ ಕುಟುಂಬದಲ್ಲೂ ತಂದೆ, ತಾಯಿ, ಎಳೆಯ ಮಕ್ಕಳು ಇದ್ದರು. ಇವರಲ್ಲೂ ತಂದೆ, ತಾಯಿ, ಎಳೆಯ ಮಕ್ಕಳು ಇದ್ದರು. ಅವರಿಗೆ ತೆರೆದಷ್ಟು ಬಾಗಿಲುಗಳು ಇವರಿಗೆ ತೆರೆದವೇ? ಇಲ್ಲವೆಂದು ನೋವಿನಿಂದಲೇ ಹೇಳಬೇಕಾಗಿದೆ. ಸುಂದರವಾದ ಹಳೆಯ ಕಾರಿನಲ್ಲಿ ಬಂದವರನ್ನು ಊರು ನಗುತ್ತ ಸುತ್ತುವರಿಯುತ್ತದೆ. ಕೆಸರು ಮೆತ್ತಿದ ಕಾಲುಗಳಲ್ಲಿ ಬಂದವರನ್ನು ಕಂಡರೆ ಬಾಗಿಲಿನ ಅಗುಳಿ ಬೀಳುತ್ತದೆ. ಮೊದಲಿನವರು ನಾಳೆ ಹೊರಟುಹೋಗುವವರೆಂಬ ಧೈರ್ಯ. ಎರಡನೆಯವರು ಇಲ್ಲೇ ನಿಂತುಬಿಟ್ಟಾರೆಂಬ ಭಯ. ಇದರಲ್ಲಿ ಜಾಪ್ ಕುಟುಂಬದ ತಪ್ಪೇನೂ ಇಲ್ಲ. ಆದರೆ ಆತಿಥ್ಯವೆಂದು ನಾವು ಹೆಮ್ಮೆಯಿಂದ ಕರೆದುಕೊಳ್ಳುವ ಗುಣದಲ್ಲಿ ಎಷ್ಟು ಪಾಲು ಕರುಣೆ, ಎಷ್ಟು ಪಾಲು ಕುತೂಹಲ ಎಂಬುದನ್ನು ಈ ಎರಡು ಪಯಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಅಳೆಯಬಹುದು.

ಹಾಗೆಂದು ನಿರಾಶರಾಗಬೇಕಾಗಿಲ್ಲ. ವೆನಿಜುವೆಲಾದ ಗಡಿಯಿಂದ ಒಳನಾಡಿಗೆ ಹೋಗುವ ದಾರಿಯಲ್ಲಿರುವ ಪಾಂಪ್ಲೋನಾ ಎಂಬ ಕೊಲಂಬಿಯಾದ ಪಟ್ಟಣದಲ್ಲಿ ಕೆಲವರು ತಮ್ಮ ಮನೆಗಳನ್ನೇ ತಂಗುದಾಣಗಳನ್ನಾಗಿ ಮಾಡಿ, ನಡೆದು ಬಂದವರಿಗೆ ಬಿಸಿ ಊಟವನ್ನೂ ಮಲಗಲು ಜಾಗವನ್ನೂ ಕೊಟ್ಟರು. ಅವರು ಸಿರಿವಂತರಲ್ಲ. 2021ರಲ್ಲಿ ಕೊಲಂಬಿಯಾ ಸರ್ಕಾರವು ತನ್ನ ನೆಲದಲ್ಲಿದ್ದ ವೆನಿಜುವೆಲಾದವರಿಗೆ ಹತ್ತು ವರ್ಷಗಳ ತಾತ್ಕಾಲಿಕ ರಕ್ಷಣೆಯನ್ನು ಘೋಷಿಸಿ, ದುಡಿದು ಬದುಕುವ ಹಕ್ಕನ್ನು ನೀಡಿತು. ಅದು ಶ್ರೀಮಂತ ರಾಷ್ಟ್ರವಲ್ಲ. ಇದರ ಹಿಂದೆ ಒಂದು ಹಳೆಯ ಋಣವಿದೆ. ಕೆಲವು ದಶಕಗಳ ಹಿಂದೆ ಕೊಲಂಬಿಯಾದ ಅಂತಃಕಲಹಕ್ಕೆ ಬೆದರಿ ಲಕ್ಷಾಂತರ ಜನ ವೆನಿಜುವೆಲಾಕ್ಕೆ ಓಡಿಹೋಗಿದ್ದರು. ಆಗ ತೈಲಸಂಪತ್ತಿನಿಂದ ತುಂಬಿದ್ದ ವೆನಿಜುವೆಲಾ ಅವರಿಗೆ ಅನ್ನ ಕೊಟ್ಟಿತ್ತು. ಅಂದು ಅತಿಥಿಗಳಾಗಿದ್ದವರು ಇಂದು ಆತಿಥೇಯರು, ಅಂದಿನ ಆತಿಥೇಯರು ಇಂದು ಅತಿಥಿಗಳು. ಕಾಲಚಕ್ರ ಒಂದು ಸುತ್ತು ತಿರುಗಲು ಒಂದು ತಲೆಮಾರು ಸಾಕಾಯಿತು.

‘ಅತಿಥಿ’ ಎಂಬ ಶಬ್ದಕ್ಕೆ ತಿಥಿಯನ್ನು ತಿಳಿಸದೆ ಬರುವವನು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಮೊದಲೇ ಕರೆದು, ದಿನ ಗೊತ್ತುಮಾಡಿ, ಭಕ್ಷ್ಯ ಮಾಡಿಟ್ಟು ಕಾಯುತ್ತಿದ್ದಾಗ ಬರುವವನು ನೆಂಟ. ಅವನನ್ನು ಸತ್ಕರಿಸುವುದರಲ್ಲಿ ವಿಶೇಷವೇನಿಲ್ಲ. ವೇಳೆ ಮೀರಿ, ಹೊತ್ತಲ್ಲದ ಹೊತ್ತಿನಲ್ಲಿ, ನಮಗೆ ಬೇಕಿಲ್ಲದಾಗ ಬಂದವನೇ ಅತಿಥಿ. ನಮ್ಮ ಮನಸ್ಸಿನ ಅಗಲವನ್ನು ಅಳೆಯಲು ಬರುವವನೂ ಅವನೇ.

ಆದ್ದರಿಂದ ವಿದೇಶಕ್ಕೆ ಹೊರಡುವ ಸಜ್ಜನರಲ್ಲಿ ಒಂದು ವಿನಂತಿ. ನಿಮ್ಮ ಪಯಣದ ಪಟ್ಟಿಯಲ್ಲಿ ಒಂದೆರಡು ದಿನಗಳನ್ನಾದರೂ ಖಾಲಿ ಬಿಡಿ. ಬಸ್ಸಿನ ಚಾಲಕನ ಹೆಸರನ್ನು ಕೇಳಿ, ಕೋಣೆ ಗುಡಿಸಲು ಬಂದ ತಾಯಿಯ ಊರನ್ನು ಕೇಳಿ. ದಾರಿ ತಪ್ಪಿದಾಗ ಕೈಯಲ್ಲಿರುವ ಮೊಬೈಲನ್ನು ನೋಡುವ ಮೊದಲು ಎದುರಿಗಿರುವ ಮನುಷ್ಯನನ್ನು ಕೇಳಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಂದಲೇ ಕೇಳಿಸಿ. ಕಂಡ ಗೋಪುರಗಳ ಎತ್ತರವನ್ನು ಅವರು ಮರೆಯುತ್ತಾರೆ, ನೀರು ಕೊಟ್ಟ ಅಜ್ಜಿಯ ಮುಖವನ್ನು ಮರೆಯುವುದಿಲ್ಲ.

ಪರದೇಶದಲ್ಲಿ ಪಡೆದ ಆದರದ ಋಣವನ್ನು ಅಲ್ಲಿಯವರಿಗೆ ತೀರಿಸಲು ಸಾಮಾನ್ಯವಾಗಿ ಅವಕಾಶ ದೊರೆಯುವುದಿಲ್ಲ. ಅವರನ್ನು ನಾವು ಮತ್ತೆ ಕಾಣುವುದೂ ಇಲ್ಲ. ಆ ಋಣವನ್ನು ತೀರಿಸುವ ಸ್ಥಳ ನಮ್ಮ ಮನೆಯ ಹೊಸ್ತಿಲೇ. ಭಾಷೆ ಬಾರದ ಯಾವುದೋ ಕುಟುಂಬ ದುಡಿಮೆಯನ್ನು ಅರಸಿ ನಮ್ಮ ಊರಿಗೆ ಬಂದು, ಬಾಡಿಗೆಗೊಂದು ಕೋಣೆ ಕೇಳಿದಾಗ, ಕುಡಿಯಲು ನೀರು ಕೇಳಿದಾಗ, ಮಗುವನ್ನು ಶಾಲೆಗೆ ಸೇರಿಸುವ ದಾರಿ ಕೇಳಿದಾಗ ನಾವು ಕೊಡುವ ಉತ್ತರದಲ್ಲಿ ನಮ್ಮ ದೇಶಸಂಚಾರದ ಫಲ ಕಾಣಬೇಕು. ಅಲ್ಲಿ ಕಾಣದಿದ್ದರೆ 102 ದೇಶಗಳನ್ನು ಸುತ್ತಿ ಬಂದರೂ ಮನೆಯಿಂದ ಹೊರಗೆ ಹೋಗಿಲ್ಲವೆಂದೇ ತಿಳಿಯಬೇಕು. ಅಂಥ ಕುಟುಂಬವೊಂದು ಈಗಾಗಲೇ ನಿಮ್ಮ ಬೀದಿಗೆ ಬಂದಿರಬಹುದು. ಈ ವಾರ ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಿ.