ಕೇಳುವ ಮುನ್ನವೇ ಹೇಳಿದರೆ ಕಳೆದುಕೊಳ್ಳುವುದೇನು?

ಚುನಾವಣೆ ಘೋಷಣೆಯಾದೊಡನೆ ಉತ್ತರ ಕನ್ನಡದ ರಸ್ತೆಗಳಲ್ಲಿ ಎರಡು ದೃಶ್ಯಗಳು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಒಂದು, ಅಲ್ಲಲ್ಲಿ ತಡೆಬೇಲಿ ಇಟ್ಟು ವಾಹನಗಳನ್ನು ತಪಾಸಣೆ ಮಾಡುವ ಪೊಲೀಸರು. ಇನ್ನೊಂದು, ಆಡಳಿತದ ಸೂಚನೆಯಂತೆ ತಮ್ಮ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೊರಟ ಲೈಸೆನ್ಸುದಾರರು. 2023ರ ಮೇ 10ರ ವಿಧಾನಸಭಾ ಚುನಾವಣೆಯ ಮುನ್ನವೂ 2024ರ ಮೇ 7ರ ಲೋಕಸಭಾ ಮತದಾನದ ಮುನ್ನವೂ ಈ ಜಿಲ್ಲೆಯ ಜನರು ಇದನ್ನು ಕಂಡಿದ್ದಾರೆ. ಕಾಡುಹಂದಿ ಮತ್ತು ಮಂಗಗಳಿಂದ ಗದ್ದೆ ತೋಟಗಳನ್ನು ಉಳಿಸಿಕೊಳ್ಳಲು ತಂದೆಯ ಕಾಲದಿಂದ ಬಂದ ಕೇಪಿನ ಕೋವಿಯನ್ನು ಇಟ್ಟುಕೊಂಡ ಅಂಕೋಲೆಯ ಒಬ್ಬ ಹಿರಿಯರನ್ನು ಕಲ್ಪಿಸಿಕೊಳ್ಳಿ. ಕೋವಿಯನ್ನು ಚೀಲದಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟಿದ್ದಾರೆ. ಪಕ್ಕದಲ್ಲಿ ಮಗ, ಹಿಂದೆ ಮೊಮ್ಮಗಳು. ಪೊಲೀಸರು ಕೈ ಅಡ್ಡ ಮಾಡುತ್ತಾರೆ. ಆರ್.ಸಿ., ವಿಮೆ, ಚಾಲನಾ ಪರವಾನಿಗೆ ಕೇಳುತ್ತಾರೆ. ಕೋವಿಯ ಬಗ್ಗೆ ಯಾರೂ ಕೇಳುವುದಿಲ್ಲ. ಅವರು ತಾವಾಗಿಯೇ ಹೇಳಬೇಕೇ ಅಥವಾ ಕಾಗದ ತೋರಿಸಿ ಸುಮ್ಮನೆ ಮುಂದೆ ಸಾಗಬೇಕೇ?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಲೈಸೆನ್ಸ್ ಇರುವ ಮನೆಗಳಲ್ಲಿ ಇದಕ್ಕೆ ಒಮ್ಮತದ ಉತ್ತರವಿಲ್ಲ. ಕೇಳದ್ದನ್ನು ಹೇಳಿ ಇಲ್ಲದ ರಗಳೆಯನ್ನು ಮೈಮೇಲೆ ಎಳೆದುಕೊಳ್ಳುವುದೇಕೆ ಎನ್ನುವವರಿದ್ದಾರೆ. ಸರಕಾರವೇ ಲೈಸೆನ್ಸ್ ಕೊಟ್ಟಿರುವಾಗ ಮುಚ್ಚಿಡುವುದೇಕೆ ಎನ್ನುವವರೂ ಇದ್ದಾರೆ. ಮುಸ್ಲಿಮ್ ಮನೆಗಳಲ್ಲಿ ಈ ಚರ್ಚೆಗೆ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ಲೈಸೆನ್ಸಿನ ಮೇಲಿನ ಹೆಸರು ಓದಿದ ಮೇಲೆ ಎದುರಿನವರ ಧ್ವನಿ ಬದಲಾದೀತೇ ಎಂಬ ಅಳುಕು ಅದು. ಅದನ್ನು ಬರಿಯ ಭ್ರಮೆ ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಆದರೆ ಅಳುಕಿನ ಕೈಗೆ ನಿರ್ಧಾರವನ್ನು ಒಪ್ಪಿಸುವುದೂ ವಿವೇಕವಲ್ಲ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಆಯುಧ ಒಯ್ಯುತ್ತಿರುವವನಿಂದ ಲೈಸೆನ್ಸ್ ತೋರಿಸುವಂತೆ ಕೇಳುವ ಅಧಿಕಾರ ಪೊಲೀಸ್ ಅಧಿಕಾರಿಗಿದೆ. ತೋರಿಸದಿದ್ದರೆ ಹೆಸರು ವಿಳಾಸ ಕೇಳಬಹುದು, ಅಗತ್ಯವೆನಿಸಿದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಕೇಳಿದಾಗ ತೋರಿಸುವುದು ಕರ್ತವ್ಯ. ಕೇಳುವ ಮುನ್ನ ಹೇಳಬೇಕೆಂದು ಈ ಸೆಕ್ಷನ್ ಹೇಳುವುದಿಲ್ಲ. ಇಷ್ಟನ್ನು ಮಾತ್ರ ಓದಿದವರು ಮೌನವೇ ಕ್ಷೇಮವೆಂದು ಭಾವಿಸುವುದು ಸಹಜ. ಆದರೆ 20ನೇ ಸೆಕ್ಷನನ್ನೂ ಓದಬೇಕು. ಲೈಸೆನ್ಸ್ ಇರಲಿ ಇಲ್ಲದಿರಲಿ, ಕಾನೂನುಬಾಹಿರ ಉದ್ದೇಶಕ್ಕೆ ಬಳಸಲೆಂದು ಒಯ್ಯಲಾಗುತ್ತಿದೆ ಎಂಬ ನ್ಯಾಯಯುತ ಸಂಶಯ ಹುಟ್ಟುವ ರೀತಿಯಲ್ಲಿ ಅಥವಾ ಸನ್ನಿವೇಶದಲ್ಲಿ ಆಯುಧ ಕಂಡುಬಂದರೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು ಅದು ಕೊಡುತ್ತದೆ. ಅಂದರೆ ಲೈಸೆನ್ಸ್ ಎಂಬುದು ಎಲ್ಲ ಬೀಗಗಳನ್ನೂ ತೆರೆಯುವ ಕೀಲಿಕೈಯಲ್ಲ. ಒಯ್ಯುವ ರೀತಿಯೂ ಸನ್ನಿವೇಶವೂ ಅಷ್ಟೇ ಮುಖ್ಯ.

ಇಲ್ಲೊಂದು ತೊಡಕೂ ಇದೆ. ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಸಂಪೂರ್ಣವಾಗಿ ಮುಚ್ಚಿಯೇ ಒಯ್ಯಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ನಿಯಮ ಪಾಲಿಸಿದ ವ್ಯಕ್ತಿಯ ಕೋವಿ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದು ತಪಾಸಣೆಯಲ್ಲಿ ಒಮ್ಮೆಲೇ ಕೈಗೆ ಸಿಕ್ಕಿದರೆ ಅದು ಅಡಗಿಸಿಟ್ಟದ್ದೆಂದು ತೋರುತ್ತದೆ. ಮುಚ್ಚಿ ಒಯ್ದದ್ದಕ್ಕೂ ಅಡಗಿಸಿ ಒಯ್ದದ್ದಕ್ಕೂ ರಸ್ತೆಯ ಮೇಲೆ ಇರುವ ವ್ಯತ್ಯಾಸ ಒಂದೇ: ಒಯ್ಯುವವನು ಮೊದಲೇ ಹೇಳಿದನೋ ಇಲ್ಲವೋ ಎಂಬುದು. ಆದ್ದರಿಂದ ಕಾನೂನು ಬಾಯಿಬಿಟ್ಟು ಕೇಳದಿದ್ದರೂ ತಾನಾಗಿ ಹೇಳುವುದೇ ಲೈಸೆನ್ಸುದಾರನ ಹಿತಕ್ಕೆ ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಕಾರವಾರ ಮತ್ತು ಅಂಕೋಲೆಯ ಮಟ್ಟಿಗೆ ಈ ಮಾತಿಗೆ ಇನ್ನಷ್ಟು ತೂಕವಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿಯಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ವರೆಗೆ ವಿಸ್ತರಿಸಿತು. ಅಲ್ಲಿ ಕೋವಿ ಅಚ್ಚರಿಯ ವಸ್ತುವಲ್ಲ. ಆದರೆ ಕಾರವಾರದಿಂದ ಅಂಕೋಲೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಅರಗಾದ ನೌಕಾನೆಲೆಯ ಮಗ್ಗುಲಲ್ಲೇ ಸಾಗುತ್ತದೆ. ಒಳನಾಡಿಗೆ ಹೊರಳಿದರೆ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ಇಂಥ ಪ್ರದೇಶದಲ್ಲಿ ಪೊಲೀಸರು ಹೆಚ್ಚು ಎಚ್ಚರ ವಹಿಸುವುದು ತಪ್ಪಲ್ಲ.

ಗಡಿಯ ವಿಚಾರವೂ ಇದೆ. ಪ್ರತಿ ಲೈಸೆನ್ಸಿನಲ್ಲೂ ಅದು ಎಲ್ಲಿಯವರೆಗೆ ಸಲ್ಲುತ್ತದೆಂದು ಬರೆದಿರುತ್ತದೆ. ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ಮಾಜಾಳಿ ಚೆಕ್‌ಪೋಸ್ಟ್ ದಾಟಿದೊಡನೆ, ಗೋವೆಯ ಮಣ್ಣಿನಲ್ಲಿ, ಬರಿಯ ಕಾಗದವಾಗುತ್ತದೆ. ಆಸ್ಪತ್ರೆಗೋ ಮದುವೆಗೋ ಮಡಗಾಂವಿಗೆ ಹೋಗುವುದು ಕಾರವಾರದವರಿಗೆ ಪಕ್ಕದ ಪೇಟೆಗೆ ಹೋದಷ್ಟೇ ಸಲೀಸು. ಠಾಣೆಯಿಂದ ಬಿಡಿಸಿಕೊಂಡ ಕೋವಿ ಕಾರಿನಲ್ಲೇ ಉಳಿದಿರುವಾಗ ಹೀಗೆ ಹೊರಟುಬಿಡುವುದು ಅಸಂಭವವೇನಲ್ಲ. ಮಾಜಾಳಿಯಲ್ಲಿ ಬಾಯಿಬಿಟ್ಟು ಹೇಳಿದವನು ಅಲ್ಲಿಂದಲೇ ಹಿಂದಿರುಗಿ ಕೋವಿಯನ್ನು ಮನೆಯಲ್ಲಿಟ್ಟು ಬರಬಹುದು. ಸುಮ್ಮನಿದ್ದು ದಾಟಿದವನು ಆಚೆ ಸಿಕ್ಕಿಬಿದ್ದರೆ ಪ್ರಕರಣ ಎದುರಿಸಬೇಕಾಗುತ್ತದೆ. ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ ಜೊಯಿಡಾ ಕಡೆಗೆ ಹೋಗುವವರಿಗೂ ಇದೇ ಮಾತು. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್ ಅಲ್ಲಿ ನೆರವಿಗೆ ಬಾರದು.

ಆದರೆ ಹೇಳಿದವನಿಗೆ ಯಾವಾಗಲೂ ಒಳಿತೇ ಆಗುತ್ತದೆಯೇ? ಇಲ್ಲಿ ಅಮೆರಿಕದ ಒಂದು ಘಟನೆಯನ್ನು ನೆನೆಯದಿರಲಾಗದು. 2016ರ ಜುಲೈ 6ರಂದು ಮಿನ್ನೆಸೋಟ ರಾಜ್ಯದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪುವರ್ಣೀಯ ಯುವಕನ ಕಾರನ್ನು ಪೊಲೀಸರು ತಡೆದರು. ಆತನ ಬಳಿ ಪಿಸ್ತೂಲಿತ್ತು, ಅದನ್ನು ಒಯ್ಯುವ ಪರವಾನಿಗೆಯೂ ಇತ್ತು. ತನ್ನ ಬಳಿ ಆಯುಧವಿದೆಯೆಂದು ಆತ ಸೌಜನ್ಯದಿಂದಲೇ ತಿಳಿಸಿದ. ಕೆಲವೇ ಕ್ಷಣಗಳಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿದ. ಕಾರಿನಲ್ಲಿ ಆತನ ಗೆಳತಿ ಮತ್ತು ಆಕೆಯ ನಾಲ್ಕು ವರ್ಷದ ಮಗಳಿದ್ದರು. ಆತ ಪಿಸ್ತೂಲಿಗೆ ಕೈ ಹಾಕಿದನೆಂದು ಭಾವಿಸಿದೆನೆಂದು ಅಧಿಕಾರಿ ಹೇಳಿದ. ಕಾಗದ ತೆಗೆಯಲು ಹೋಗಿದ್ದನೆಂದು ಗೆಳತಿ ಹೇಳಿದಳು. 2017ರ ಜೂನ್‌ನಲ್ಲಿ ಅಧಿಕಾರಿ ಖುಲಾಸೆಯಾದ.

ಸತ್ಯ ಹೇಳಿದವನೇ ಸತ್ತ ಈ ಘಟನೆಯನ್ನು ಮೌನದ ಪರವಾದ ವಾದವಾಗಿ ಮುಂದಿಡುವವರಿದ್ದಾರೆ. ನಮಗೆ ಅದು ಎರಡು ಬೇರೆ ಪಾಠಗಳನ್ನು ಕಲಿಸುತ್ತದೆ. ಮೊದಲನೆಯದು, ಹೇಳುವುದಷ್ಟೇ ಸಾಲದು, ಹೇಳುವ ಕ್ರಮವೂ ಸರಿಯಿರಬೇಕು. ಎರಡನೆಯದು, ಎದುರಿನವನ ಮನಸ್ಸಿನಲ್ಲಿ ಪೂರ್ವಗ್ರಹ ತುಂಬಿದ್ದರೆ ಹೇಳುವವನ ಸೌಜನ್ಯವೊಂದೇ ಅವನನ್ನು ಉಳಿಸಲಾರದು. ಆದ್ದರಿಂದ ಹೊಣೆ ಎರಡೂ ಕಡೆಗಿದೆ.

ನಮ್ಮ ಕಡೆಯ ಹೊಣೆಯನ್ನು ಮೊದಲು ಹೇಳೋಣ. ಕೋವಿಯಲ್ಲಿ ಮದ್ದು, ತೋಟೆ ತುಂಬಿರಕೂಡದು. ತೋಟೆಗಳು ಬೇರೆ ಕಡೆ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಲೈಸೆನ್ಸ್ ಪುಸ್ತಕವನ್ನು ಕೋವಿಯ ಚೀಲದಲ್ಲಿ ಇಡಕೂಡದು. ಕಾಗದ ತೆಗೆಯಲು ಚೀಲಕ್ಕೆ ಕೈ ಹಾಕುವವನನ್ನು ಕಂಡು ಪೊಲೀಸ್ ಪೇದೆ ಬೆದರಿದರೆ ಅವನೊಬ್ಬನನ್ನೇ ದೂರುವಂತಿಲ್ಲ. ಲೈಸೆನ್ಸ್ ಅಂಗಿಯ ಜೇಬಿನಲ್ಲಿರಲಿ. ಗಾಡಿ ನಿಲ್ಲಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಎರಡೂ ಕೈಗಳು ಕಾಣುವಂತೆ ಇಟ್ಟುಕೊಂಡು ಮಾತಾಡಲಿ. ಮಾತಿನ ಅನುಕ್ರಮವೂ ಮುಖ್ಯ. ‘ಕೋವಿ ಇದೆ’ ಎಂದು ಆರಂಭಿಸುವುದಕ್ಕಿಂತ ‘ಸರ್, ನನ್ನ ಹತ್ತಿರ ಕೋವಿ ಲೈಸೆನ್ಸ್ ಇದೆ. ಠಾಣೆಗೆ ಒಪ್ಪಿಸಲು ಹೋಗುತ್ತಿದ್ದೇನೆ. ಕೋವಿ ಹಿಂದಿನ ಸೀಟಿನ ಚೀಲದಲ್ಲಿದೆ, ಖಾಲಿಯಿದೆ. ಲೈಸೆನ್ಸ್ ಜೇಬಿನಲ್ಲಿದೆ, ತೆಗೆಯಲೇ?’ ಎಂದು ಕೇಳುವುದು ಲೇಸು. ಇಷ್ಟಕ್ಕೆ ಅರ್ಧ ನಿಮಿಷವೂ ಬೇಡ. ಕಾರಿನಲ್ಲಿ ಕೋವಿಯಿದೆಯೆಂದು ಜೊತೆಗಿರುವ ಪತ್ನಿಗೆ, ಮಕ್ಕಳಿಗೆ ಮುಂಚೆಯೇ ತಿಳಿದಿರಬೇಕು. ತಂದೆ ಒಂದು ಹೇಳಿ ಮಗ ಗಾಬರಿಯಿಂದ ಇನ್ನೊಂದು ಹೇಳಿದರೆ ಇಲ್ಲದ ಸಂಶಯ ಹುಟ್ಟುವುದು ಅಲ್ಲಿಯೇ.

ಬಾಣ ಹಿಡಿದು ಮಸೀದಿಯ ಅಥವಾ ಮಾರುಕಟ್ಟೆಯ ಮೂಲಕ ಹಾದುಹೋಗುವವರು ಯಾರಿಗೂ ತಾಗದಂತೆ ಅದರ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆಯುಧ ಒಯ್ಯಬಾರದೆಂದು ಅವರು ಹೇಳಲಿಲ್ಲ. ಒಯ್ಯುವವನ ಹಕ್ಕಿನ ಜೊತೆಗೆ ಎದುರಾಗುವವನ ನೆಮ್ಮದಿಯ ಹೊಣೆಯನ್ನೂ ಆತನ ಕೈಯಲ್ಲೇ ಇಟ್ಟರು. ರಸ್ತೆಯಲ್ಲಿ ನಿಂತ ಪೇದೆಗೂ ಮನೆಯಿದೆ, ಮಕ್ಕಳಿದ್ದಾರೆ. ಚೀಲದಲ್ಲಿ ಏನಿದೆಯೆಂದು ಅವನಿಗೆ ಮೊದಲೇ ತಿಳಿಸುವುದು ಮೊನೆಯನ್ನು ನಮ್ಮ ಕೈಯಲ್ಲಿ ಹಿಡಿದುಕೊಂಡಂತೆಯೇ ಸರಿ.

ಇನ್ನು ಪೊಲೀಸ್ ಇಲಾಖೆಯ ಹೊಣೆ. ತಾನಾಗಿ ಹೇಳಿದವನನ್ನು ಹೇಳಿದ್ದಕ್ಕಾಗಿಯೇ ಗಂಟೆಗಟ್ಟಲೆ ನಿಲ್ಲಿಸಿದರೆ, ಏಕವಚನದಲ್ಲಿ ಗದರಿಸಿದರೆ ಅಥವಾ ಲೈಸೆನ್ಸ್ ಸರಿಯಿದ್ದರೂ ಹೆಸರು ನೋಡಿ ಮೂಲ ಕೆದಕಲು ಹೊರಟರೆ ಮುಂದಿನ ಬಾರಿ ಅವನು ಹೇಳುವನೇ? ಅವನನ್ನು ಕಂಡ ನೆರೆಹೊರೆಯವರು ಹೇಳುವರೇ? ಒಬ್ಬನಿಗೆ ಮಾಡಿದ ಅವಮಾನ ನೂರು ಜನರಿಗೆ ಮೌನವನ್ನು ಕಲಿಸುತ್ತದೆ. ಆ ಮೌನದಿಂದ ಅಪಾಯಕ್ಕೆ ಸಿಲುಕುವವರು ಮುಂದೆ ರಸ್ತೆಯಲ್ಲಿ ನಿಲ್ಲುವ ಪೊಲೀಸರೇ. ಲೈಸೆನ್ಸಿನ ಸಂಖ್ಯೆ, ಅವಧಿ, ವ್ಯಾಪ್ತಿ ಮತ್ತು ಕೋವಿಯ ಮೇಲಿನ ಅಂಕಿ, ಈ ನಾಲ್ಕನ್ನು ನೋಡಿ ಸರಿಯಿದ್ದರೆ ಬಿಟ್ಟುಕೊಡುವ ಸರಳ ಕ್ರಮವೊಂದು ಎಲ್ಲ ತಪಾಸಣಾ ಠಾಣೆಗಳಲ್ಲೂ ಇರಬೇಕು. ಲೈಸೆನ್ಸ್ ನೀಡುವಾಗ ಮತ್ತು ಐದು ವರ್ಷಗಳಿಗೊಮ್ಮೆ ನವೀಕರಿಸುವಾಗ, ರಸ್ತೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಒಂದು ಪುಟದ ಕನ್ನಡ ಸೂಚನೆಯನ್ನು ಜಿಲ್ಲಾಡಳಿತ ಕೊಡಬಹುದು. ಇದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಖರ್ಚೂ ಇಲ್ಲ.

ವಶಪಡಿಸಿಕೊಳ್ಳುವ ಸಂದರ್ಭ ಬಂದರೂ ನಾಗರಿಕ ನಿಸ್ಸಹಾಯಕನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ ಮತ್ತು ವಶಪಡಿಸುವಿಕೆಯ ಧ್ವನಿ-ದೃಶ್ಯ ದಾಖಲೆ ಮಾಡಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೂ ಸುದ್ದಿ ಮುಟ್ಟಿಸಬೇಕು. ರಸ್ತೆಯ ಮೇಲೆ ವಾದಕ್ಕಿಳಿಯದೆ ರಶೀದಿ ಕೇಳಿ ಪಡೆದು, ಆಕ್ಷೇಪವನ್ನು ಮೇಲಧಿಕಾರಿಗೋ ನ್ಯಾಯಾಲಯಕ್ಕೋ ಲಿಖಿತವಾಗಿ ಸಲ್ಲಿಸುವುದು ಸರಿಯಾದ ದಾರಿ.

ಅಷ್ಟಕ್ಕೂ, ತಪಾಸಣೆಯ ಆ ಎರಡು ನಿಮಿಷಗಳಲ್ಲಿ ಪರಸ್ಪರ ಅಳೆಯಲ್ಪಡುವುದು ಕೋವಿಯಲ್ಲ, ವಿಶ್ವಾಸ. ಹಿಂದಿನ ಸೀಟಿನಲ್ಲಿ ಕುಳಿತ ಮೊಮ್ಮಗಳು ಎಲ್ಲವನ್ನೂ ನೋಡುತ್ತಿರುತ್ತಾಳೆ. ಅಜ್ಜ ಅಳುಕದೆ ಸತ್ಯ ಹೇಳುವುದನ್ನೂ ಪೊಲೀಸರು ಕಾಗದ ನೋಡಿ ‘ಹೋಗಿ ಬನ್ನಿ’ ಎನ್ನುವುದನ್ನೂ ಅವಳು ಕಂಡರೆ ಈ ನಾಡಿನ ಮೇಲೆ ಅವಳಿಗೆ ಹುಟ್ಟುವ ಭರವಸೆಯನ್ನು ಯಾವ ಭಾಷಣವೂ ಹುಟ್ಟಿಸಲಾರದು. ಅಜ್ಜ ತಮ್ಮ ಪಾಲನ್ನು ಮಾಡಲಿ. ಪೊಲೀಸರೂ ತಮ್ಮ ಪಾಲನ್ನು ಮಾಡಲಿ.